ಟ್ರೈಕೋಡರ್ಮಾ ಹಾಕಿದರೆ ಬೋರ್ಡೋ ಬಿಡಬಹುದಾ?

ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆ ಇವೆ. ಹೋದ ವರ್ಷ ಅಡಿಕೆ ತೋಟಕ್ಕೆ ಟ್ರೈಕೋಡರ್ಮಾ ಪುಡಿ (ಮಣ್ಣಿನ ರೋಗಾಣುಗಳನ್ನು ತಡೆಯುವ ಒಳ್ಳೆ ಬೂಷ್ಟು) ಹಾಕಿದಿರಿ, ಆದರೂ ಕಾಯಿ ಕೊಳೆತು ಉದುರುವ ಕೊಳೆ ರೋಗ ಬಂತು. ಹಾಗಾದರೆ ಈ ಸೂಕ್ಷ್ಮಜೀವಿ ಗೊಬ್ಬರವೆಲ್ಲ ದುಡ್ಡು ದಂಡವಾ? ಇನ್ನೊಂದು, ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ತಾಮ್ರದ ಮದ್ದು ಬೋರ್ಡೋ, ಅದು ಮಣ್ಣನ್ನು ಹಾಳು ಮಾಡುತ್ತದೆ ಅಂತಾರಲ್ಲ, ಅದನ್ನು ನಿಲ್ಲಿಸಬಹುದಾ? ನಾನು ವಿಜ್ಞಾನಿ ಅಲ್ಲ. ಶಿರಸಿ ಹತ್ತಿರ ಒಂದೂವರೆ ಎಕರೆ ತೋಟ ಇದೆ. ಈ ವಿಷಯದಲ್ಲಿ ಮಾಡಬಹುದಾದ ತಪ್ಪನ್ನೆಲ್ಲ ಮಾಡಿ ಮುಗಿಸಿದ್ದೇನೆ.

ಬೋರ್ಡೋ ಬಿಡಬೇಡಿ. ಕೊಳೆ ಹತ್ತುವುದು ಮರದ ತುದಿಯಲ್ಲಿರುವ ಕೊನೆಗೆ, ಅಂದರೆ ಅಡಿಕೆ ಗೊನೆಗೆ. ನೀವು ಪುಡಿ ಹಾಕಿದ್ದು ಬುಡದ ಮಣ್ಣಿಗೆ. ನಲವತ್ತು ಅಡಿ ಮೇಲೆ ನಡೆಯುವ ಜಗಳವನ್ನು ಬೇರಿನ ಹತ್ತಿರ ಇರುವವನು ಹೇಗೆ ಬಿಡಿಸಬೇಕು ಹೇಳಿ?

ಕೊಳೆ ತರುವ ಜೀವಿಯ ಹೆಸರು ಫೈಟಾಫ್ತೊರಾ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ಕೊಳೆಯಿಸಿ ಕ್ಷಾಮ ತಂದದ್ದೂ ಇದೇ ಕುಲದ್ದು. ನಾವೆಲ್ಲ ಇದನ್ನು ಶಿಲೀಂಧ್ರ ಅಂತಲೇ ಕರೆಯುತ್ತೇವೆ, ಆದರೆ ಅಲ್ಲ. ಕಾರವಾರದ ಕಡಲ ಬಂಡೆಗಳ ಮೇಲೆ ಕಂದು ಬಣ್ಣದ ಪಾಚಿ ಬೆಳೆದಿರುತ್ತದಲ್ಲ, ಅದರ ದೂರದ ನೆಂಟ ಇದು. ಸುಮ್ನೆ ಕತೆಗೆ ಹೇಳುತ್ತಿಲ್ಲ. ಇದರ ಬೀಜಾಣುಗಳಿಗೆ ಎರಡೆರಡು ಬಾಲ ಇರುತ್ತವೆ, ಕಾಯಿಯ ಮೇಲಿನ ನೀರಿನ ತೆಳು ಪದರದಲ್ಲಿ ಈಜಿಕೊಂಡು ಹೋಗುತ್ತವೆ. ಅದಕ್ಕೇ ಆಷಾಢದಲ್ಲಿ ಬಿಟ್ಟು ಬಿಟ್ಟು ಮಳೆ ಬಂದು ನಡುವೆ ಬಿಸಿಲು ಇಣುಕಿದರೆ ನಮ್ಮ ಎದೆ ಹೊಡೆದುಕೊಳ್ಳುವುದು. ಇನ್ನೊಂದು, ಇದು ನಿಜವಾದ ಶಿಲೀಂಧ್ರ ಅಲ್ಲದ ಕಾರಣ ಕಾರ್ಬೆಂಡಾಜಿಮ್‌ನಂಥ ಔಷಧ ಇದಕ್ಕೆ ತಾಗುವುದಿಲ್ಲ. ಅಂಗಡಿಯಲ್ಲಿ ಕೊಟ್ಟರೂ ತರಬೇಡಿ.

ತಾಮ್ರ ಇದಕ್ಕೆ ತಾಗುತ್ತದೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆಯನ್ನು ಕೂಲಂಕಷವಾಗಿ ನೋಡಿ, ಬೋರ್ಡೋ ಹೊಡೆಯುವುದನ್ನು ರೈತರಿಗೆ ತೋರಿಸಿಕೊಟ್ಟರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗಾಲ ಹಿಡಿಯುವ ಮೊದಲು ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕದಡಬೇಕು. ಆಮೇಲೆ ಉಜ್ಜಿ ಹೊಳೆಯಿಸಿದ ಕತ್ತಿಯನ್ನು ಅದ್ದಿ ನೋಡಿ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ನಮ್ಮ ಚಿಕ್ಕಪ್ಪ ಒಂದು ವರ್ಷ ಕಬ್ಬಿಣದ ಡ್ರಮ್ಮಿನಲ್ಲೇ ಮದ್ದು ಕಲಸಿದ್ದ. ತಾಮ್ರವೆಲ್ಲ ಡ್ರಮ್ಮಿಗೆ ಹಿಡಿಯಿತು, ಕೊಳೆಯೆಲ್ಲ ಅಡಿಕೆಗೆ. ಅವನು ಇವತ್ತಿಗೂ ಮರ ಹತ್ತಿ ಮದ್ದು ಹೊಡೆದ ಕೊನೆಗೌಡನನ್ನೇ ಬೈಯುತ್ತಾನೆ.

ಹಾಗಾದರೆ ಟ್ರೈಕೋಡರ್ಮಾ ಯಾಕೆ? ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿಗೆ. ಬಳ್ಳಿಯ ಸೊರಗು ರೋಗ ಕೂಡ ಫೈಟಾಫ್ತೊರಾದ್ದೇ, ಆದರೆ ಅದು ಮಣ್ಣಿನಿಂದ ಬೇರಿಗೆ ಹತ್ತುತ್ತದೆ. ಅಲ್ಲಿ ಇವನಿಗೆ ಕೆಲಸ ಇದೆ. ಟ್ರೈಕೋಡರ್ಮಾ ಬೇರಿನ ಸುತ್ತ ಜಾಗ ಹಿಡಿದು ಕೂರುತ್ತದೆ, ರೋಗದ ಎಳೆಗಳಿಗೆ ಸುತ್ತಿಕೊಂಡು ಅವುಗಳ ಗೋಡೆ ಕರಗಿಸುತ್ತದೆ.

ಆದರೆ ಹಾಕುವ ರೀತಿ ಒಂದಿದೆ. ನಾನು ಮೊದಲ ಸಲ ಪ್ಯಾಕೆಟ್ ತಂದು ಹಂಚಿನ ಮಾಡಿನ ಕೆಳಗೆ ಅಟ್ಟದ ಮೇಲೆ ಇಟ್ಟೆ. ಮಾರ್ಚ್ ಬಿಸಿಲು. ಆಮೇಲೆ ಒಣ ಮಣ್ಣಿಗೆ ಉಪ್ಪು ಎರಚಿದ ಹಾಗೆ ಎರಚಿದೆ. ಆ ಮಳೆಗಾಲ ಹದಿನೆಂಟು ಬಳ್ಳಿ ಹೋದವು. ಪುಡಿ ಮೋಸ ಅಂತ ಊರೆಲ್ಲ ಹೇಳಿಕೊಂಡು ಬಂದೆ. ಒಂದು ದಿನ ಆಯಿ ಮೊಸರಿಗೆ ಹೆಪ್ಪು ಹಾಕುತ್ತಿದ್ದಳು, ಆಗ ಹೊಳೆಯಿತು. ನಾನು ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದ್ದೆ! ಅದೂ ಸತ್ತ ಹೆಪ್ಪು.

ಈಗ ಹೀಗೆ ಮಾಡುತ್ತೇನೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕಿಲೋ, ಬೇವಿನ ಹಿಂಡಿ 10 ಕಿಲೋ, ಪುಡಿ 1 ಕಿಲೋ. ನೆರಳಲ್ಲಿ ರಾಶಿ ಹಾಕಿ, ಹಿಂಡಿದರೆ ನೀರು ಇಳಿಯದಷ್ಟು ತೇವ ಮಾಡಿ, ಒದ್ದೆ ಗೋಣಿಚೀಲ ಹೊದೆಸುತ್ತೇನೆ. ಎರಡು ವಾರದಲ್ಲಿ ರಾಶಿಯೆಲ್ಲ ಹಸಿರು ಬೂಷ್ಟು. ಅದನ್ನು ಬಳ್ಳಿಯ ಬುಡಕ್ಕೆ ಹಾಕಿ ಮೇಲೆ ಸೊಪ್ಪು ಮುಚ್ಚಬೇಕು. ಸಗಣಿ, ಗಂಜಲ ಕದಡಿ ಮಾಡುವ ಜೀವಾಮೃತವೂ ಹೀಗೇ. ಅದಕ್ಕೆ ಹಾಕುವ ಬೆಲ್ಲ, ಹಿಟ್ಟು ಎಲ್ಲ ಸೂಕ್ಷ್ಮಜೀವಿಗಳಿಗೆ ಊಟ. ಆದರೆ ಮಣ್ಣಿಗೆ ಹೋದ ಮೇಲೆ ಅವು ಏನು ತಿನ್ನಬೇಕು? ಒಳ್ಳೆ ಮಣ್ಣು ಒಂದು ಗ್ರಾಂ ತೆಗೆದುಕೊಂಡರೆ ಅದರಲ್ಲಿ ನೂರು ಕೋಟಿವರೆಗೆ ಬ್ಯಾಕ್ಟೀರಿಯಾ ಇರಬಹುದು. ಅಷ್ಟು ಬಾಯಿಗೆ ದಿನಾ ಉಣ್ಣಲು ಬೇಕಲ್ವಾ? ನಮ್ಮಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟದ್ದು ಇದಕ್ಕೇ. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗುಂಡಿಗೆ, ಗುಂಡಿಯಿಂದ ತೋಟಕ್ಕೆ. ಈಗ ಸೊಪ್ಪು ತರಲು ಆಳು ಇಲ್ಲ, ಕೊಟ್ಟಿಗೆಯಲ್ಲಿ ದನವೂ ಕಡಿಮೆ. ಪ್ಯಾಕೆಟ್ ಮೇಲೆ ಭಾರ ಹಾಕುತ್ತೇವೆ.

ಬೋರ್ಡೋ ಬಗ್ಗೆ ನಿಮ್ಮ ಭಯ ಪೂರ್ತಿ ಸುಳ್ಳಲ್ಲ. ತಾಮ್ರ ಮಣ್ಣಲ್ಲಿ ಕರಗಿ ಮಾಯವಾಗುವುದಿಲ್ಲ, ವರ್ಷ ವರ್ಷ ಸೇರುತ್ತ ಹೋಗುತ್ತದೆ. ಜಾಸ್ತಿಯಾದರೆ ಎರೆಹುಳಕ್ಕೂ ಒಳ್ಳೆ ಬೂಷ್ಟಿಗೂ ಕಷ್ಟ. ಹಾಗಾಗಿ ಅಡಿಕೆ ಕೊನೆಗೆ ಮಾತ್ರ ಸರಿಯಾಗಿ ಹೊಡೆಸಿ, ನೆಲಕ್ಕೆ ಸುರಿಯಬೇಡಿ. ಟ್ರೈಕೋಡರ್ಮಾಕ್ಕೂ ಬೋರ್ಡೋಕ್ಕೂ ನಡುವೆ ಎರಡು ಮೂರು ವಾರ ಇರಲಿ. ಕೊಳೆ ಬಂದು ಉದುರಿದ ಕಾಯಿಯನ್ನು ತೋಟದಲ್ಲೇ ಬಿಡಬೇಡಿ, ಹೆಕ್ಕಿ ಹೊರಗೆ ಹಾಕಿಸಿ. ನೀರು ನಿಲ್ಲದ ಹಾಗೆ ಬಸಿಗಾಲುವೆ ತೆಗೆಸಿ.

ಈ ಸಲ ರಾಶಿ ಹಾಕಿ ನೋಡಿ. ಹದಿನೈದು ದಿನ ಬಿಟ್ಟು ಗೋಣಿ ಎತ್ತಿದಾಗ ಹಸಿರು ಕಾಣದಿದ್ದರೆ, ಖಾಲಿ ಪ್ಯಾಕೆಟ್ ಹಿಡಿದುಕೊಂಡು ಅಂಗಡಿಗೆ ಹೋಗಿ. ಅದರ ಮೇಲಿನ ತಾರೀಖು ತೋರಿಸಿ, ಇಷ್ಟು ದಿನ ಎಲ್ಲಿ ಇಟ್ಟಿದ್ದಿರಿ ಅಂತ ಕೇಳಿ.