ಓದುಗರ ಪ್ರಶ್ನೆ: ಹೊಳಿ ಬಂದ ಕಥೆಯನ್ನು ಮಕ್ಕಳಿಂದ ಕಾಮಿಕ್ಸ್ ಮಾಡಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಬಾದಾಮಿ ತಾಲೂಕಿನ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ನಮ್ಮೂರು ಮಲಪ್ರಭೆಯ ದಂಡೆಯಲ್ಲಿದೆ. 2019ರಲ್ಲಿ ಹೊಳಿ ಬಂದಾಗ, ಅಂದರೆ ಪ್ರವಾಹ ಬಂದಾಗ, ಏನಾಯ್ತು ಅಂತ ಹಿರಿಯರನ್ನು ಕೇಳಿ ಕಾಮಿಕ್ಸ್ ಮಾಡಿ ಎಂದು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಹೇಳಿದ್ದೆ. ಒಬ್ಬ ಹುಡುಗನಿಗೆ ಅವನ ಓಣಿಯ ಅಜ್ಜಿ ಸಮಾಧಾನವಾಗಿಯೇ ಹೇಳಿದ್ದರು: "ನೀರು ಹಿತ್ತಲಕ್ಕ ಬಂತು. ಎಮ್ಮಿ ಕಣ್ಣಿ ಬಿಚ್ಚಿ ಬಿಟ್ನಿ, ಎತ್ತರೆ ಹೋಗ್ಲಿ ಅಂತ. ರೇಶನ್ ಕಾರ್ಡ್ ಉಡ್ಯಾಗ ಕಟಗೊಂಡು ಹೊರಬಿದ್ನಿ." ಆದರೆ ಹುಡುಗನ ಚಿತ್ರದಲ್ಲಿ ಅಜ್ಜಿ ಕೂದಲು ಬಿಚ್ಚಿಕೊಂಡು ಎದೆ ಬಡಿದುಕೊಳ್ಳುತ್ತಿದ್ದಾರೆ, ಹಿಂದೆ ಎಮ್ಮೆ ತೇಲಿ ಹೋಗುತ್ತಿದೆ. ಚಿತ್ರ ಚೆಂದ ಇದೆ, ಆದರೂ ನನಗೆ ಕಸಿವಿಸಿ. ಹೆಡ್‌ಮಾಸ್ಟರು ಸ್ಪರ್ಧೆಗೆ ಕಳಿಸೋಣ, ಫೇಸ್‌ಬುಕ್‌ಗೂ ಹಾಕೋಣ ಅಂತಿದ್ದಾರೆ. ಏನು ಮಾಡಲಿ?
— ಒಬ್ಬ ಟೀಚರ್, ಬಾಗಲಕೋಟೆ ಜಿಲ್ಲೆ

ಉತ್ತರ: ಅಕ್ಕೋರೆ, ನಿಮ್ಮ ಕಸಿವಿಸಿ ಸರಿಯಾಗಿಯೇ ಇದೆ. ಅಜ್ಜಿ ಹೇಳದೇ ಇದ್ದದ್ದು ಅವರ ಹೆಸರಿನಲ್ಲಿ ಹಾಳೆಯ ಮೇಲೆ ಬಂದಿದೆ. ಹುಡುಗನನ್ನು ಬೈಯಬೇಡಿ. ದುಃಖ ಅಂದರೆ ಎದೆ ಬಡಿದುಕೊಳ್ಳೋದು ಅಂತ ಅವನು ಸಿನಿಮಾ, ಟಿವಿ ನೋಡಿ ಕಲಿತಿದ್ದಾನೆ. ನೀರು ಮನೆಯೊಳಗೆ ಬರುವ ಹೊತ್ತಿನಲ್ಲಿ ಒಬ್ಬ ಹೆಂಗಸು ಮೊದಲು ಎಮ್ಮೆಯ ಕಣ್ಣಿ ಬಿಚ್ಚಿದಳು, ಆಮೇಲೆ ರೇಶನ್ ಕಾರ್ಡ್ ಹುಡುಕಿದಳು ಅನ್ನೋದು ಎಷ್ಟು ದೊಡ್ಡ ಮಾತು ಅಂತ ಅವನಿಗೆ ಯಾರೂ ತೋರಿಸಿಲ್ಲ ಅಷ್ಟೇ. ಆ ಎರಡು ಕೈ, ಆ ಗಂಟು, ಇಷ್ಟನ್ನೇ ಒಂದು ಚೌಕದ ತುಂಬ ಬರೆಯೋಕೆ ಹೇಳಿ ನೋಡಿ. ಮುಖವೂ ಬೇಕಿಲ್ಲ.

ಆಮೇಲೆ ಅವನನ್ನು ಮತ್ತೆ ಅಜ್ಜಿಯ ಹತ್ತಿರ ಕಳಿಸಿ. ಎಮ್ಮೆ ಏನಾಯ್ತು ಅಂತ ಅವನು ಕೇಳಿಯೇ ಇಲ್ಲ, ಅಲ್ವಾ? ಕಣ್ಣಿ ಬಿಚ್ಚಿದ್ದಕ್ಕೇ ಅದು ಬದುಕಿ ಬಂದಿರಬಹುದು. ಹಾಗಿದ್ದರೆ ಅಜ್ಜಿ ಉಳಿಸಿದ ಎಮ್ಮೆಯನ್ನು ಇವನು ಹಾಳೆಯಲ್ಲಿ ಮುಳುಗಿಸಿದಂತಾಯ್ತು. ಹೋಗುವಾಗ ಪೆನ್ಸಿಲ್ ಚಿತ್ರವನ್ನೇ ಒಯ್ಯಲಿ, ಇಂಕ್ ಹಾಕಿದ ಮೇಲೆ ತಿದ್ದೋಕೆ ಯಾರಿಗೂ ಮನಸ್ಸು ಬರಲ್ಲ. ಅಜ್ಜಿಗೆ ಓದು ಬರದಿದ್ದರೆ ಒಂದೊಂದೇ ಚೌಕ ತೋರಿಸಿ ಓದಿ ಹೇಳಲಿ. ಅವರು ಬೇಡ ಅಂದದ್ದನ್ನು ಅಲ್ಲೇ ಅಳಿಸಲಿ, ಯಾಕೆ ಬೇಡ ಅಂತ ಕೇಳುವ ಹಕ್ಕು ನಮಗಿಲ್ಲ.

ಕ್ಲಾಸಿಗೆ ನಾನು ಕೊಡುವ ನಿಯಮ ಒಂದೇ. ಮಾತಿನ ಬಲೂನಿನಲ್ಲಿ ಹೇಳಿದವರ ಮಾತು ಮಾತ್ರ ಇರಬೇಕು, ಅದೂ ಅವರು ಆಡಿದ ಹಾಗೇ. "ಬಿಚ್ಚಿ ಬಿಟ್ನಿ" ಅನ್ನೋದನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಮಕ್ಕಳು ಬೇರೆ ಕಡೆ ತಿಳಿದುಕೊಂಡದ್ದು ಮೇಲಿನ ಚೌಕಟ್ಟಿನ ಬರಹಕ್ಕೆ ಹೋಗಲಿ. ನವಿಲುತೀರ್ಥ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟಿದ್ದು, ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತದ್ದು, ಇವೆಲ್ಲ ಅಲ್ಲಿ ಬರಬಹುದು. ಯಾರಾದರೂ "ಪಂಚಮಿ ಉಂಡಿ ಇನ್ನ ಡಬ್ಬ್ಯಾಗ ಇದ್ವು" ಅಂದರೆ ಬಲೂನಿನಲ್ಲಿ ಅದೇ ಇರಲಿ, ಆ ವರ್ಷ ನಾಗರ ಪಂಚಮಿ ಆಗಸ್ಟ್ 5ಕ್ಕಿತ್ತು ಅನ್ನೋದು ಮೇಲಿನ ಬರಹಕ್ಕೆ ಸಾಕು.

ಬಲೂನಿನ ಆಕಾರವೂ ಸುಮ್ನೆ ಅಲ್ಲ. ಚೂಪು ಚೂಪಾಗಿ ಬರೆದರೆ ಸಮಾಧಾನದ ಮಾತೂ ಚೀರಾಟ ಆಗುತ್ತದೆ. ಅಂಬೇಡ್ಕರ್ ಅವರ ಬದುಕಿನ ಮೇಲೆ 2011ರಲ್ಲಿ ಬಂದ 'ಭೀಮಾಯಣ' ಅನ್ನೋ ಕಾಮಿಕ್ಸ್ ಪುಸ್ತಕವನ್ನು ಮಕ್ಕಳಿಗೆ ತೋರಿಸಿ. ಗೋಂಡ್ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅದರಲ್ಲಿ ಜನರನ್ನು ಚೌಕದೊಳಗೆ ಕೂಡಿಹಾಕಲು ಒಪ್ಪಲಿಲ್ಲ. ಮೆತ್ತನೆಯ ಮಾತಿಗೆ ಹಕ್ಕಿಯ ಆಕಾರ, ಕುಟುಕುವ ಮಾತಿಗೆ ಚೇಳಿನ ಬಾಲ ಕೊಟ್ಟರು. ಇನ್ನೊಂದು, 1992ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಪಡೆದ 'ಮೌಸ್' ಅನ್ನೋ ಕಾಮಿಕ್ಸ್. ನಾಜಿ ಕ್ಯಾಂಪಿನಿಂದ ಬದುಕಿ ಬಂದ ತಂದೆಯ ಕಥೆ ಹೇಳುವಾಗ ಆರ್ಟ್ ಸ್ಪೀಗೆಲ್ಮನ್ ತಾನು ಪ್ರಶ್ನೆ ಕೇಳುತ್ತಾ ಕೂತದ್ದನ್ನೂ ಚಿತ್ರಿಸಿದ್ದಾರೆ. ನಿಮ್ಮ ಹುಡುಗನೂ ತನ್ನನ್ನು ಒಂದು ಚೌಕದಲ್ಲಿ ಬರೆದುಕೊಳ್ಳಲಿ, ಕಟ್ಟೆಯ ಮೇಲೆ ಅಜ್ಜಿ, ಎದುರಿಗೆ ನೋಟ್‌ಬುಕ್ ಹಿಡಿದ ಇವನು. ಇದು ಕೇಳಿಸಿಕೊಂಡವನು ಬರೆದದ್ದು ಅಂತ ನೋಡಿದವರಿಗೆ ಆಗ ಗೊತ್ತಾಗುತ್ತದೆ. ಪ್ರವಾಹದಲ್ಲಿ ಸಿಕ್ಕಿಕೊಂಡವರು ನೀವೇ ಅಂತ ಊಹಿಸಿ ಬರೆಯಿರಿ ಅನ್ನೋ ಅಭ್ಯಾಸ ಮಾತ್ರ ದಯವಿಟ್ಟು ಕೊಡಬೇಡಿ.

ಯಾಕೆಂದರೆ ನಿಮ್ಮ ಕ್ಲಾಸಿನಲ್ಲೇ ಅಂಥ ಮಕ್ಕಳಿರಬಹುದು. ಆಗ ಅವರಿಗೆ ಎಂಟೋ ಒಂಬತ್ತೋ ವರ್ಷ. ಅಪ್ಪನ ಹೆಗಲ ಮೇಲೆ ಕೂತು ನೀರು ದಾಟಿದವರು, ಪರಿಹಾರ ಕೇಂದ್ರದಲ್ಲಿ ಮಲಗಿದವರು ಇರಬಹುದು. ಕೆಲಸ ಕೊಡುವ ಮೊದಲೇ ಎಲ್ಲರಿಗೂ ಕೇಳುವಂತೆ ಹೇಳಿ: ಇದು ಬೇಡ ಅನ್ನಿಸಿದರೆ ಹಳೇ ಮನೆಯ ಒಂದು ವಸ್ತುವಿನ ಚಿತ್ರ ಬರೆದರೂ ನಡೆಯುತ್ತದೆ. ಕಾರಣ ಕೇಳಬೇಡಿ. ಯಾರಾದರೂ ಅದನ್ನೇ ಆರಿಸಿಕೊಂಡರೆ ಆಮೇಲೆ ಒಂದು ಕಣ್ಣು ಅವರ ಮೇಲಿರಲಿ.

ಹೆಸರಿನ ವಿಷಯ. ಹೆಸರು ಬದಲಿಸಿದರೆ ಸಾಕು ಅಂತ ಪೇಟೆಯವರು ಅಂದುಕೊಳ್ಳಬಹುದು. ನಮ್ಮ ಹಳ್ಳಿಗಳಲ್ಲಿ ಎಮ್ಮೆ, ಬಾಗಿಲ ಮುಂದಿನ ಬೇವಿನ ಮರ ನೋಡಿದರೇ ಯಾರ ಮನೆ ಅಂತ ಹೇಳಿಬಿಡ್ತಾರೆ. ಅದರಲ್ಲೂ ಮನೆ ಪರಿಹಾರದ ಮಾತು ಬಂದಾಗ ಹುಷಾರು: ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ನಡುವೆ ಯಾರು ದುಡ್ಡು ಕೇಳಿದರು ಅಂತ ಅಜ್ಜಿ ಹುಡುಗನ ಮುಂದೆ ನಂಬಿಕೆಯಿಂದ ಆಡಿದ ಮಾತು ಶಾಲೆಯ ಗೋಡೆಗೆ ಅಂಟಿದರೆ ನಾಳೆ ಕಷ್ಟ ಅವರಿಗೇ. ಇನ್ನು ಕೆಲವರಿಗೆ ತಮ್ಮ ಹೆಸರು ಇರಲೇಬೇಕು ಅನ್ನಿಸುತ್ತದೆ. ಅಂಥವರ ಹೆಸರು ದಪ್ಪ ಅಕ್ಷರದಲ್ಲಿ ಬರಲಿ.

ಸ್ಪರ್ಧೆಗೆ ಕಳಿಸಬೇಡಿ. ಒಬ್ಬರ ಮನೆ ಹೋದ ಕಥೆಗೆ ಮೊದಲ ಬಹುಮಾನ, ಇನ್ನೊಬ್ಬರದಕ್ಕೆ ಸಮಾಧಾನಕರ ಬಹುಮಾನ ಅಂತ ಕೊಡೋಕೆ ನನಗಂತೂ ಆಗಲ್ಲ. ಹೆಡ್‌ಮಾಸ್ಟರಿಗೆ ಹೀಗೇ ಹೇಳಿ, ಬೇಕಿದ್ದರೆ ಈ ಪುಟ ತೋರಿಸಿ. ಫೇಸ್‌ಬುಕ್‌ಗೆ ಹಾಕುವ ಮೊದಲು ಬೇರೆಯಾಗಿಯೇ ಕೇಳಬೇಕು. ಹುಡುಗನಿಗೆ ಕಥೆ ಹೇಳೋಕೆ ಒಪ್ಪಿದ್ದು ಊರವರೆಲ್ಲ ಮೊಬೈಲಿನಲ್ಲಿ ನೋಡೋಕೆ ಒಪ್ಪಿದಂತಲ್ಲ. ಅಜ್ಜಿಗೆ ಫೋನಿನಲ್ಲೇ ತೋರಿಸಿ, "ಇದು ಹಿಂಗ ಎಲ್ಲಾರಿಗೂ ಕಾಣ್ತದ, ಹಾಕಲ್ಯಾ?" ಅಂತ ಕೇಳಿ. ಹೂಂ ಅಂದರೂ ಮೊದಲ ಪ್ರತಿ ಅವರ ಮನೆಗೆ ಹೋಗಲಿ, ಶಾಲೆಯ ಗೋಡೆಗೆ ಆಮೇಲೆ.