ಸುಮ್ಮನಿರುವ ಅಕ್ಷರಗಳು, ಸುಮ್ಮನಿರದ ಓದುಗರು

ಪ್ರಶ್ನೆ: ‘ಆಫನ್’ ಸರಿಯೋ ‘ಆಫ್ಟನ್’ ಸರಿಯೋ? ನಾನು ಟಿ ಸೇರಿಸಿ ಹೇಳಿದಾಗಲೆಲ್ಲ ಜೊತೆಗೆ ಕೆಲಸ ಮಾಡುವವರೊಬ್ಬರು ಎಲ್ಲರ ಎದುರೇ ತಿದ್ದುತ್ತಾರೆ. ಇಂಗ್ಲಿಷ್ ಮನೆಮಾತಿನವರೇ ಟಿ ಸೇರಿಸಿ ಮಾತಾಡುವುದನ್ನು ಕೇಳಿದ್ದೇನೆ. ಯಾರ ಮಾತು ನಂಬಲಿ?

ಉತ್ತರ: ಎರಡೂ ಸರಿ. ಇನ್ನೊಮ್ಮೆ ತಿದ್ದಿದರೆ ಒಳ್ಳೆಯ ನಿಘಂಟು ತೆಗೆದು ತೋರಿಸಿ, ಅದರಲ್ಲಿ ಎರಡೂ ಇರುತ್ತವೆ. ಟಿ ಇಲ್ಲದ್ದನ್ನು ಜಾಸ್ತಿ ಜನ ಬಳಸುತ್ತಾರೆ, ಹಾಗಾಗಿ ಅದು ಮೊದಲು ಇರುತ್ತದೆ, ಅಷ್ಟೇ.

ತಮಾಷೆ ಏನೆಂದರೆ ಹಿಂದೆ ಈ ಪದದಲ್ಲಿ ಟಿ ಕೇಳಿಸುತ್ತಲೇ ಇತ್ತು. ಆಮೇಲೆ ಮಾತಿನ ಓಟದಲ್ಲಿ ಬಿದ್ದುಹೋಯಿತು. ‘ಸಾಫನ್’, ‘ಲಿಸನ್’, ‘ಫಾಸನ್’, ‘ಕಾಸಲ್’ ಇವುಗಳಲ್ಲೂ ಅದೇ ಆದದ್ದು. ಎಫ್ ಅಥವಾ ಎಸ್ ಶಬ್ದ ಮುಗಿಯುವಷ್ಟರಲ್ಲಿ ಟಿ, ಅದರ ಬೆನ್ನಿಗೇ ಎನ್ ಅಥವಾ ಎಲ್ ಬಂದರೆ ನಾಲಿಗೆ ನಡುವಿನದನ್ನು ಬಿಟ್ಟು ಮುಂದೆ ಹೋಗುತ್ತದೆ. ಆದರೆ ಬರವಣಿಗೆಯಲ್ಲಿ ಟಿ ಹಾಗೇ ಉಳಿಯಿತು. ಓದಲು ಬರೆಯಲು ಬಲ್ಲವರು ಹೆಚ್ಚಾದಂತೆ ಕಣ್ಣಿಗೆ ಕಂಡ ಟಿಯನ್ನು ಕೆಲವರು ಮತ್ತೆ ಬಾಯಲ್ಲೂ ಹೇಳತೊಡಗಿದರು. ಅಂದರೆ ‘ಆಫ್ಟನ್’ ಅನ್ನುವುದು ಹೊಸ ತಪ್ಪಲ್ಲ, ಹೋದದ್ದು ಕಾಗದದ ದಾರಿಯಲ್ಲಿ ವಾಪಸ್ ಬಂದಿದೆ.

ಹಾಗಾದರೆ ‘ಲಿಸ್ಟನ್’ ಅನ್ನಬಹುದಲ್ವಾ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಅನ್ನಬಾರದು. ಇಲ್ಲಿ ತರ್ಕ ನಡೆಯುವುದಿಲ್ಲ. ಒಂದು ಪದದಲ್ಲಿ ಟಿ ಸೇರಿಸುವವರ ಸಂಖ್ಯೆ ಸಾಕಷ್ಟು ಬೆಳೆಯಿತು, ಇನ್ನೊಂದರಲ್ಲಿ ಬೆಳೆಯಲಿಲ್ಲ.

ಪ್ರಶ್ನೆ: ‘ಡೆಟ್’, ‘ಡೌಟ್’ ಬರೆಯುವಾಗ ನಡುವೆ ಬಿ ಯಾಕೆ? ‘ರಿಸೀಟ್’ನಲ್ಲಿ ಪಿ ಯಾಕೆ? ಹೇಳುವುದಿಲ್ಲ ಅಂದಮೇಲೆ ಬರೆಯುವುದು ಸುಮ್ನೆ ಮಕ್ಕಳಿಗೆ ಕಾಟ ಕೊಡಲಿಕ್ಕಾ?

ಉತ್ತರ: ಕಾಟ ಕೊಡುವ ಉದ್ದೇಶ ಇರಲಿಲ್ಲ, ಪಾಂಡಿತ್ಯ ತೋರಿಸುವ ಉದ್ದೇಶ ಇತ್ತು. ಫಲ ಮಾತ್ರ ಒಂದೇ.

ಈ ಪದಗಳು ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಬಂದಾಗ ಅವುಗಳಲ್ಲಿ ಬಿ ಇರಲೇ ಇಲ್ಲ, ‘ಡೆಟ್ಟೆ’, ‘ಡೂಟೆ’ ಅನ್ನುವ ಥರ ಇದ್ದವು. ಆಮೇಲೆ ಲ್ಯಾಟಿನ್ ಓದಿದವರ ಕಣ್ಣು ಇವುಗಳ ಮೇಲೆ ಬಿತ್ತು. ಮೂಲ ಲ್ಯಾಟಿನ್ನಿನಲ್ಲಿ ‘ಡೆಬಿಟುಮ್’, ‘ದುಬಿತಾರೆ’ ಅಂತಿದೆ, ಅಲ್ಲಿರುವ ಬಿ ಇಲ್ಲೂ ಇರಲಿ ಅಂತ ತಂದು ತುರುಕಿದರು. ಜನರ ಬಾಯಿ ಬದಲಾಗಲಿಲ್ಲ. ರಿಸೀಟಿನ ಪಿ ಕೂಡ ಹೀಗೆ ಲ್ಯಾಟಿನ್ ನೋಡಿ ಹಾಕಿದ್ದು. ಅದೇ ಮನೆತನದ ‘ಡಿಸೀಟ್’ ಮತ್ತು ‘ಕನ್ಸೀಟ್’ಗೆ ಪಿ ಸಿಗಲಿಲ್ಲ! ತಿದ್ದಲು ಹೊರಟವರು ತಿದ್ದುವುದನ್ನೂ ಪೂರ್ತಿ ಮಾಡಲಿಲ್ಲ.

ಆ ಕಾಲದಲ್ಲೇ ಇದನ್ನು ಗೇಲಿ ಮಾಡಿದವರಿದ್ದರು. 1598ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಹಾಲೊಫರ್ನೀಸ್ ಅನ್ನುವ ಮೇಷ್ಟ್ರೊಬ್ಬರಿದ್ದಾರೆ. ಜನ ಡೌಟ್, ಡೆಟ್ ಎರಡನ್ನೂ ಬಿ ಬಿಟ್ಟು ಹೇಳುತ್ತಾರಲ್ಲ ಅಂತ ಅವರಿಗೆ ತಡೆಯಲಾಗದ ಸಿಟ್ಟು. ಬಿ ಹೇಳಲೇಬೇಕು ಅನ್ನುವುದು ಅವರ ಹಟ. ನೋಡುವವರು ನಗಲಿ ಅಂತಲೇ ಇಟ್ಟ ಪಾತ್ರ ಅದು. ಪ್ರತಿ ಆಫೀಸಿನಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ ಅಂತ ಮೊದಲ ಪ್ರಶ್ನೆ ಓದಿದಾಗ ಅನ್ನಿಸಿತು.

‘ಐಲೆಂಡ್’ನ ಎಸ್ ಇನ್ನೂ ವಿಚಿತ್ರ. ಅದು ಹಳೆಯ ಇಂಗ್ಲಿಷಿನದೇ ಪದ, ಲ್ಯಾಟಿನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ. ಫ್ರೆಂಚಿನಿಂದ ಬಂದ ‘ಐಲ್’ ಅನ್ನುವ ಬೇರೆ ಪದಕ್ಕೆ ಲ್ಯಾಟಿನ್ನಿನ ‘ಇನ್ಸುಲಾ’ ನೋಡಿ ಎಸ್ ಹಾಕಿದರು, ಇವೆರಡೂ ಒಂದೇ ಬಳಗ ಅಂದುಕೊಂಡು ಐಲೆಂಡಿಗೂ ಹಾಕಿದರು. ‘ಕುಡ್’ನಲ್ಲಿರುವ ಎಲ್ ಕೂಡ ‘ವುಡ್’ ಮತ್ತು ‘ಶುಡ್’ ನೋಡಿ ಅಂಟಿಕೊಂಡದ್ದು. ಆ ಎರಡರಲ್ಲಿ ಎಲ್ ನಿಜವಾಗಿ ಇತ್ತು, ಇದರಲ್ಲಿ ಎಂದೂ ಇರಲಿಲ್ಲ.

ಹೀಗೆ ಹೊರಗಿನಿಂದ ತುರುಕಿದ ಅಕ್ಷರ ಯಾವಾಗಲೂ ಬಾಯಿ ಮುಚ್ಚಿಕೊಂಡೇ ಇರುತ್ತದೆ ಅಂತಲೂ ಇಲ್ಲ. ‘ಫಾಲ್ಟ್’ ನೋಡಿ. ಫ್ರೆಂಚಿನ ‘ಫೋಟ್’ಗೆ ಲ್ಯಾಟಿನ್ ಆಸೆಯಿಂದ ಎಲ್ ಸೇರಿಸಿದ್ದು, ಈಗ ಎಲ್ಲರೂ ಎಲ್ ಹೇಳುತ್ತಾರೆ, ಬಿಟ್ಟು ಹೇಳಿದರೆ ಅದೇ ತಪ್ಪು. ಡೆಟ್‌ನಲ್ಲಿ ಸೋತ ಪಂಡಿತರು ಇಲ್ಲಿ ಗೆದ್ದರು.

ಪ್ರಶ್ನೆ: ‘ಸಾಮನ್’ ಮೀನಿಗೆ ಎಲ್ ಇಲ್ಲ ಅಂತ ಗೊತ್ತಾಯಿತು. ‘ಆಮಂಡ್’ಗೂ ಹಾಗೇನಾ?

ಉತ್ತರ: ಸಾಮನ್‌ನಲ್ಲಿ ಎಲ್ ಬೇಡ, ನಿಘಂಟುಗಳು ಈ ವಿಷಯದಲ್ಲಿ ಸಡಿಲ ಬಿಡುವುದಿಲ್ಲ. ಆಮಂಡ್ ವಿಷಯದಲ್ಲಿ ಹಾಗಲ್ಲ, ಎಲ್ ಬಿಟ್ಟೂ ಹೇಳುತ್ತಾರೆ, ಸೇರಿಸಿ ‘ಆಲ್ಮಂಡ್’ ಅಂತಲೂ ಹೇಳುತ್ತಾರೆ. ನಿಮಗೆ ಯಾವುದು ರೂಢಿಯೋ ಅದೇ ಇರಲಿ.

ಪ್ರಶ್ನೆ: ಎಚ್ ಬಗ್ಗೆ ತಿಳಿಸಿ. ‘ಅವರ್’, ‘ಆನೆಸ್ಟ್’ನಲ್ಲಿ ಎಚ್ ಇಲ್ಲ, ‘ಹಾಸ್ಪಿಟಲ್’ನಲ್ಲಿ ಇದೆ. ‘ಹರ್ಬ್’ ಅಂದರೆ ಅಮೆರಿಕದಲ್ಲಿರುವ ನನ್ನ ತಂಗಿ ನಗುತ್ತಾಳೆ, ‘ಅರ್ಬ್’ ಅನ್ನಬೇಕಂತೆ. ಅಷ್ಟಕ್ಕೂ ಈ ಅಕ್ಷರದ ಹೆಸರೇ ಎಚ್ಚೋ ಹೆಚ್ಚೋ?

ಉತ್ತರ: ತಂಗಿ ಅಲ್ಲಿನ ಲೆಕ್ಕದಲ್ಲಿ ಸರಿ, ನೀವು ಬ್ರಿಟನ್ ಲೆಕ್ಕದಲ್ಲಿ ಸರಿ. ಇಬ್ಬರೂ ನಗುವುದಾದರೆ ಒಟ್ಟಿಗೇ ನಗಿ. ಹಳೆಯದು ಯಾವುದು ಅಂತ ಕೇಳಿದರೆ ತಂಗಿಯದು. ಅಮೆರಿಕದವರು ಎಚ್ ನುಂಗಿದರು ಅಂತ ಬಹಳ ಜನ ತಿಳಿದಿದ್ದಾರೆ, ನಡೆದದ್ದು ಉಲ್ಟಾ. ಫ್ರೆಂಚಿನಿಂದ ಈ ಪದಗಳು ಬಂದಾಗ ಯಾವುದರಲ್ಲೂ ಎಚ್ ಕೇಳಿಸುತ್ತಿರಲಿಲ್ಲ. ಲ್ಯಾಟಿನ್ ನೋಡಿ ಎಚ್ ಬರೆದರು, ಬರೆದದ್ದನ್ನು ನೋಡಿ ನಿಧಾನಕ್ಕೆ ಹೇಳಲು ಶುರು ಮಾಡಿದರು. ಹಾಸ್ಪಿಟಲ್, ‘ಹಂಬಲ್’, ‘ಹೋಸ್ಟ್’ ಇವೆಲ್ಲ ಹಾಗೆ ಎಚ್ ಪಡೆದವು. ಅವರ್, ಆನೆಸ್ಟ್, ‘ಆನರ್’, ‘ಏರ್’ ಅಂದರೆ ವಾರಸುದಾರ, ಇವು ಪಡೆಯಲಿಲ್ಲ. ಹರ್ಬ್ ಎಚ್ ಪಡೆದದ್ದು ಬ್ರಿಟನ್ನಿನಲ್ಲಿ, ಅದೂ ತಡವಾಗಿ, 19ನೇ ಶತಮಾನದಲ್ಲಿ. ಅಷ್ಟರಲ್ಲಿ ಸಮುದ್ರದ ಆಚೆಯವರು ಹಳೆಯ ಉಚ್ಚಾರವನ್ನೇ ಇಟ್ಟುಕೊಂಡಿದ್ದರು.

ಅಕ್ಷರದ ಹೆಸರು ‘ಏಚ್’, ಮೊದಲಲ್ಲಿ ಹಕಾರ ಇಲ್ಲ. ನಿಘಂಟು ಹೇಳುವುದು ಇದನ್ನೇ. ‘ಹೇಚ್’ ಅನ್ನುವುದು ಐರ್ಲೆಂಡಿನಲ್ಲಿ ಮಾಮೂಲು, ಬೇರೆ ಕಡೆಯೂ ಹರಡುತ್ತಿದೆ. ‘ಹ’ ಶಬ್ದದ ಅಕ್ಷರದ ಹೆಸರಿನಲ್ಲೇ ‘ಹ’ ಇಲ್ಲ ಅಂದರೆ ಯಾರಿಗಾದರೂ ಕಸಿವಿಸಿ ಆಗುತ್ತದೆ, ಹಾಗಾಗಿ ಹೆಚ್ ಅನ್ನುವವರ ಮೇಲೆ ನನಗಂತೂ ಸಿಟ್ಟಿಲ್ಲ.

ಪ್ರಶ್ನೆ: ನಾನು ಶಿಕ್ಷಕಿ. ಈ ಸೈಲೆಂಟ್ ಅಕ್ಷರಗಳನ್ನು ಬಾಯಿಪಾಠ ಮಾಡಿಸುವುದು ಬಿಟ್ಟು ಬೇರೆ ದಾರಿ ಇದೆಯಾ?

ಉತ್ತರ: ಅರ್ಧ ದಾರಿ ಇದೆ, ಮೇಡಂ. ಪದದ ಬಳಗವನ್ನು ಒಟ್ಟಿಗೆ ಹೇಳಿಕೊಡಿ. ‘ಸೈನ್’ನಲ್ಲಿ ಜಿ ಕೇಳಿಸುವುದಿಲ್ಲ, ‘ಸಿಗ್ನೇಚರ್’ನಲ್ಲಿ ಕೇಳಿಸುತ್ತದೆ. ‘ಮಸಲ್’ನ ಸಿ ‘ಮಸ್ಕ್ಯುಲರ್’ನಲ್ಲಿ, ‘ಬಾಮ್’ನ ಕೊನೆಯ ಬಿ ‘ಬಂಬಾರ್ಡ್’ನಲ್ಲಿ, ‘ಆಟಮ್’ ಅಂದರೆ ಶರತ್ಕಾಲ, ಅದರ ಎನ್ ‘ಆಟಮ್ನಲ್’ನಲ್ಲಿ ಸಿಗುತ್ತದೆ. ಡೆಟ್‌ಗೆ ‘ಡೆಬಿಟ್’ ಇದೆ. ಒಂದು ಕಡೆ ಮಾತಾಡುವ ಅಕ್ಷರ ಇನ್ನೊಂದು ಕಡೆ ಸುಮ್ಮನಿದೆ ಅಂತ ಗೊತ್ತಾದರೆ ಸ್ಪೆಲಿಂಗ್ ಮರೆಯುವುದಿಲ್ಲ.

ಕೆ ಮತ್ತು ಎನ್ ಜೊತೆಯಾಗಿ ಶುರುವಾಗುವ ಪದಗಳಿಗೆ, ಅಂದರೆ ‘ನೈಫ್’, ‘ನೀ’, ‘ನಾಟ್’ ಇಂಥವಕ್ಕೆ, ಬಳಗ ಸಿಗುವುದಿಲ್ಲ, ಆದರೆ ಕಥೆ ಸಿಗುತ್ತದೆ. ಆ ಕೆ ಒಂದು ಕಾಲಕ್ಕೆ ಜೋರಾಗಿಯೇ ಕೇಳಿಸುತ್ತಿತ್ತು. ಜರ್ಮನ್ನರು ಮೊಣಕಾಲಿಗೆ ಈಗಲೂ ‘ಕ್ನೀ’ ಅಂತಲೇ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಕೆ ಹೋದದ್ದು ಹೆಚ್ಚುಕಡಿಮೆ 17ನೇ ಶತಮಾನದಲ್ಲಿ. ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್ಸ್ಟರಿನಲ್ಲಿ ಅಚ್ಚಿನ ಮನೆ ತೆರೆದದ್ದು ಅದಕ್ಕೂ ಮೊದಲೇ, 1476ರಲ್ಲಿ, ಅಂದರೆ ಅಚ್ಚು ಬರವಣಿಗೆಯನ್ನು ಗಟ್ಟಿ ಮಾಡುತ್ತಾ ಬಂತು, ಮಾತು ಮಾತ್ರ ನಿಲ್ಲಲಿಲ್ಲ. ಮಕ್ಕಳಿಗೆ ಒಂದು ದಿನ ಬೇಕೆಂದೇ ‘ಕ್ನೈಫ್’, ‘ಕ್ನೀ’ ಅಂತ ಹೇಳಿಸಿ ನೋಡಿ. ತಮಾಷೆಗೆ ಹೇಳಿದ್ದು ನೆನಪಿರುತ್ತದೆ.

ಬಾಯಿಪಾಠವೇ ಗತಿ ಅನ್ನುವ ಪದಗಳೂ ಉಳಿಯುತ್ತವೆ, ಮುಖ್ಯವಾಗಿ ‘ತಮ್’ ಅಂದರೆ ಹೆಬ್ಬೆರಳು, ‘ಲಿಮ್’ ಅಂದರೆ ಕೈಕಾಲು. ಇವುಗಳ ಬಿ ಹಳೆಯದೂ ಅಲ್ಲ, ಲ್ಯಾಟಿನ್ನಿನದೂ ಅಲ್ಲ, ಅಕ್ಕಪಕ್ಕದ ಪದಗಳನ್ನು ನೋಡಿ ಬಂದು ಕೂತದ್ದು.

ಪ್ರಶ್ನೆ: ‘ಶೆಡ್ಯೂಲ್’ ಬ್ರಿಟಿಷ್, ‘ಸ್ಕೆಡ್ಯೂಲ್’ ಅಮೆರಿಕನ್, ಸರಿ ತಾನೇ? ಇಂಟರ್‌ವ್ಯೂನಲ್ಲಿ ಯಾವುದು ಹೇಳಲಿ?

ಉತ್ತರ: ಸರಿ, ಆದರೆ ಬ್ರಿಟನ್ನಿನ ಎಳೆಯರೂ ಈಗ ‘ಸ್ಕೆ’ ಅನ್ನುತ್ತಾರೆ. ಎರಡಕ್ಕಿಂತ ಹಳೆಯದು ‘ಸೆಡ್ಯೂಲ್’, ಅದನ್ನು ಈಗ ಯಾರೂ ಹೇಳುವುದಿಲ್ಲ. ಇಂಟರ್‌ವ್ಯೂನಲ್ಲಿ ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಮಾತಿನ ನಡುವೆ ಬದಲಿಸಬೇಡಿ. ಎಚ್ಚರ ಬೇಕಾದದ್ದು ‘ಸಟಲ್’, ‘ಪ್ಲಮರ್’, ರಿಸೀಟ್ ಇಂಥ ಕಡೆ. ಅಲ್ಲಿ ಬಿ, ಪಿ ಹೇಳಿದರೆ ಎದುರಿನವರ ಗಮನ ನಿಮ್ಮ ಉತ್ತರ ಬಿಟ್ಟು ಆ ಅಕ್ಷರದ ಮೇಲೆ ಹೋಗುತ್ತದೆ.

ಪ್ರಶ್ನೆ: ‘ಕರ್ನಲ್’ನಲ್ಲಿ ಆರ್ ಎಲ್ಲಿದೆ ಸ್ವಾಮಿ?

ಉತ್ತರ: ಬರವಣಿಗೆಯಲ್ಲಿ ಎಲ್ಲೂ ಇಲ್ಲ. ಇದು ಸೈಲೆಂಟ್ ಅಕ್ಷರದ ಕೇಸೇ ಅಲ್ಲ. 16ನೇ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಎರಡು ರೂಪ ಇದ್ದವು, ಫ್ರೆಂಚಿನ ‘ಕೊರೊನೆಲ್’ ಒಂದು, ಇಟಾಲಿಯನ್ ಕಡೆಯ ‘ಕೊಲೊನೆಲ್’ ಇನ್ನೊಂದು. ಬರೆಯುವುದಕ್ಕೆ ಇಟಾಲಿಯನ್ನಿನದು ಉಳಿಯಿತು, ಹೇಳುವುದಕ್ಕೆ ಫ್ರೆಂಚಿನದು.