ಒದ್ದೆ ಟವೆಲ್ಲನ್ನೇ ಚೀಲದೊಳಗೆ ಹೊತ್ತು ತರಬೇಕಲ್ವಾ?

ಹೊಲಿಗೆ, ಬಟ್ಟೆ, ಕೈಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ಮನೆಯಲ್ಲೇ ಎರಡು ಮಷಿನ್ ಇಟ್ಟುಕೊಂಡು ಬ್ಲೌಸು, ಸೀರೆ ಫಾಲ್ಸು, ಸ್ಕೂಲ್ ಯೂನಿಫಾರಂ ಹೊಲಿಯುತ್ತೇನೆ. ಹೋದ ಡಿಸೆಂಬರ್‌ನಲ್ಲಿ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಮುರ್ಡೇಶ್ವರ, ಗೋಕರ್ಣಕ್ಕೆ ಹೋಗಿದ್ದೆವು. ಎಲ್ಲರ ಹತ್ತಿರವೂ ಒಂದು ಟವೆಲ್, ಅದಕ್ಕೊಂದು ಚೀಲ, ಒದ್ದೆಯಾದ ಮೇಲೆ ತುರುಕೋಕೆ ಒಂದು ಪ್ಲಾಸ್ಟಿಕ್ ಕವರ್. ಹಾಸಿದರೆ ಟವೆಲ್, ಮಡಚಿದರೆ ಚೀಲ ಆಗುವ ಹಾಗೆ ಹೊಲಿದರೆ ಹೇಗೆ ಅನ್ನಿಸಿತು. ಮನೆಯಲ್ಲಿದ್ದ ದಪ್ಪ ಬಾತ್ ಟವೆಲ್‌ನ ಒಂದು ತುದಿಗೆ ಜೇಬು ಹೊಲಿದು ನೋಡಿದೆ. ಟವೆಲ್ ಒಳಗೆ ಹೋಯಿತು, ಆದರೆ ಬೇರೆ ಏನೂ ಹಿಡಿಯಲಿಲ್ಲ. ಒದ್ದೆ ಮಾಡಿ ಹೆಗಲಿಗೆ ಹಾಕಿಕೊಂಡರೆ ಸೀರೆಯೆಲ್ಲ ನೆನೆಯಿತು. ಎಲ್ಲಿ ತಪ್ಪಾಗಿದೆ? ಯಾವ ಬಟ್ಟೆ ತಗೊಳ್ಳಲಿ, ಅಳತೆ ಎಷ್ಟಿರಲಿ?
– ಹೆಸರು ಬೇಡ ಎಂದವರು, ಕೆ.ಟಿ.ಜೆ. ನಗರ, ದಾವಣಗೆರೆ

ಉತ್ತರ: ಯೋಚನೆ ಬಹಳ ಚೆನ್ನಾಗಿದೆ. ನೀವು ಸುಮ್ನೆ ಯೋಚಿಸಿ ಬಿಡದೆ ಹೊಲಿದು, ಒದ್ದೆ ಮಾಡಿಯೂ ನೋಡಿದ್ದೀರಿ. ಅದು ನನಗೆ ತುಂಬ ಇಷ್ಟವಾಯಿತು. ಆ ಸೀರೆ ನೆಂದದ್ದರಲ್ಲೇ ಉತ್ತರ ಇದೆ. ನೀವು ಜೇಬನ್ನು ಹೋಗುವಾಗಿನ ಟವೆಲ್‌ಗೆ ಹೊಲಿದಿದ್ದೀರಿ. ಹೋಗುವಾಗ ಟವೆಲ್ ಒಣಗಿರುತ್ತದೆ, ಯಾವ ಚೀಲಕ್ಕೆ ಹಾಕಿದರೂ ನಡೆಯುತ್ತದೆ. ಬರುವಾಗ ಅದು ನೀರು ಕುಡಿದಿರುತ್ತದೆ, ಮರಳು ಮೆತ್ತಿರುತ್ತದೆ, ಪಕ್ಕದಲ್ಲಿ ಮಕ್ಕಳ ಒಣ ಬಟ್ಟೆ, ಫೋನು, ಬಸ್ಸಿನ ಸೀಟು ಎಲ್ಲ ಇರುತ್ತವೆ. ಚೀಲ ನಿಜವಾಗಿ ಬೇಕಾಗುವುದು ಆಗಲೇ. ಹಾಗಾಗಿ ಬಟ್ಟೆ, ಅಳತೆ, ಲಾಡಿ, ದಾರ ಏನೇ ಆರಿಸುವಾಗಲೂ "ಬರುವಾಗ ಇದು ಹೇಗಿರುತ್ತದೆ?" ಅಂತ ಕೇಳಿಕೊಳ್ಳಿ.

ಮೊದಲು ಟವೆಲ್ ವಿಚಾರ. ಟವೆಲ್ ಎಷ್ಟು ದಪ್ಪ ಅನ್ನೋದನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. ಮೂರು ಅಡಿ ಅಗಲ, ಆರು ಅಡಿ ಉದ್ದದ ಟವೆಲ್ ಸುಮಾರು 1.67 ಚದರ ಮೀಟರ್ ಆಗುತ್ತದೆ. ದಪ್ಪ ಬಾತ್ ಟವೆಲ್ 550 ಜಿಎಸ್‌ಎಂ ಇದ್ದರೆ ಈ ಅಳತೆಯಲ್ಲಿ ಹತ್ತಿರ ಹತ್ತಿರ 920 ಗ್ರಾಂ. 400 ಆದರೆ 670 ಗ್ರಾಂ. 240ರ ತೆಳು ನೇಯ್ಗೆ ಆದರೆ 400 ಗ್ರಾಂ ಅಷ್ಟೇ. ಕೈಯಲ್ಲಿ ಹಿಂಡಿದ ಮೇಲೂ ಹತ್ತಿ ಟವೆಲ್‌ನಲ್ಲಿ ಸುಮಾರು ಅದರ ತೂಕದಷ್ಟೇ ನೀರು ಉಳಿದಿರುತ್ತದೆ. ದಪ್ಪನೆಯದು ಎರಡು ಕಿಲೋ ಹತ್ತಿರ ಹೋಯಿತು, ತೆಳುವಿನದು ಒಂದು ಕಿಲೋ ಒಳಗೇ ಉಳಿಯಿತು. ಹೆಗಲಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಟೆರ್ರಿ ಟವೆಲ್‌ನಲ್ಲಿ ದಾರದ ಕುಣಿಕೆಗಳು ಎದ್ದು ನಿಂತಿರುತ್ತವೆ. ನೀರು ಹೀರುವುದು ಅವೇ, ಮರಳನ್ನು ಹಿಡಿದಿಡುವುದೂ ಅವೇ. ಅದಕ್ಕೇ ನಾನು ಹೇಳುವುದು ವ್ಯಾಫಲ್ ನೇಯ್ಗೆಯ ಹತ್ತಿ ಟವೆಲ್. ಜೇನುಗೂಡಿನ ಹಾಗೆ ಚೌಕ ಚೌಕ ಕುಳಿ ಇರುವ ಟವೆಲ್ ಅಂದರೆ ಅಂಗಡಿಯವರು ತೋರಿಸುತ್ತಾರೆ. ತೆಳು, ಬೇಗ ಒಣಗುತ್ತದೆ, ಚೆನ್ನಾಗಿ ಹೀರುತ್ತದೆ. ಮೈಕ್ರೋಫೈಬರ್ ಇನ್ನೂ ಹಗುರ, ಮರಳು ಕೊಡವಿದರೆ ಉದುರುತ್ತದೆ, ನಿಜ. ಆದರೆ ಅದು ಹೆಚ್ಚಾಗಿ ಪಾಲಿಯೆಸ್ಟರ್. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆ ನೀರಿಗೆ ಬಿಡುತ್ತದೆ, ಮೈಗೂ ಹತ್ತಿಯಷ್ಟು ಹಿತವಲ್ಲ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಲ್ಲಿ ಕೂತು ಹೊಲಿಯುತ್ತಿದ್ದೀರಿ. ಹತ್ತಿಯಲ್ಲೇ ಮಾಡಿ ಅಂತ ನನ್ನ ಆಸೆ.

ಕತ್ತರಿಸುವ ಮೊದಲು ಟವೆಲ್ಲನ್ನು ಒಗೆದು ಒಣಗಿಸಲೇಬೇಕು. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ನೂರಕ್ಕೆ ಐದು ಭಾಗ ಅಂದರೂ 72 ಇಂಚಿಗೆ ಮೂರೂವರೆ ಇಂಚು ಹೋಯಿತು. ಚೀಲದ ಬಟ್ಟೆ ಕುಗ್ಗುವುದಿಲ್ಲ, ಆಗ ಹೊಲಿಗೆಯುದ್ದಕ್ಕೂ ನೆರಿಗೆ ಎಳೆದುಕೊಳ್ಳುತ್ತದೆ. ಬಣ್ಣದ ಟವೆಲ್ ಆದರೆ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಅದರ ಮೇಲೆ ಉಜ್ಜಿ. ಬಣ್ಣ ಹತ್ತಿದರೆ ಆ ಟವೆಲ್ ಬೇಡ.

ಈಗ ಚೀಲ. ನೀವು ಒಂದೇ ತುಂಡನ್ನು ಜೇಬಿನ ಹಾಗೆ ಹೊಲಿದಿರಿ. ಹಾಗಾಗಿ ಚೀಲದ ಒಂದು ಮುಖ ಜೇಬಿನ ಬಟ್ಟೆ, ಇನ್ನೊಂದು ಮುಖ ಟವೆಲ್ಲೇ ಆಯಿತು. ಆ ಒದ್ದೆ ಮುಖ ಬೆನ್ನಿಗೆ ತಾಗಿ ಸೀರೆ ನೆಂದಿತು. ಹಾಗಾಗಿ ನೀರು ತಡೆಯುವ ಬಟ್ಟೆಯಲ್ಲಿ ಎರಡೂ ಮುಖ ಇರುವ ಪೂರ್ತಿ ಚೀಲವನ್ನೇ ಬೇರೆ ಹೊಲಿದುಕೊಂಡು, ಅದನ್ನು ಟವೆಲ್‌ನ ಹಿಂಬದಿಗೆ ಜೋಡಿಸಬೇಕು. ರೇನ್‌ಕೋಟಿಗೆ ಬಳಸುವ ಲೇಪದ ನೈಲಾನ್ ಬಟ್ಟೆ ಸಾಕು.

ಅಳತೆ ಹೀಗೆ. 36 ಇಂಚು ಅಗಲವನ್ನು ಮೂರು ಮಡಿಕೆ ಮಾಡಿದರೆ 12 ಇಂಚು. 72 ಇಂಚು ಉದ್ದವನ್ನು ಐದು ಮಾಡಿದರೆ ಹದಿನಾಲ್ಕೂವರೆ. ಒಟ್ಟು ಹದಿನೈದು ಪದರ ಆಯಿತು. ದಪ್ಪ ಟೆರ್ರಿ ಆದರೆ ಇದು ದಿಂಬಿನ ಹಾಗೆ ಉಬ್ಬುತ್ತದೆ, ನಿಮ್ಮ ಜೇಬಿನಲ್ಲಿ ಜಾಗ ಸಾಲದೆ ಹೋದದ್ದು ಅದಕ್ಕೇ. ತೆಳು ಟವೆಲ್‌ಗೆ 16 ಇಂಚು ಅಗಲ, 18 ಇಂಚು ಎತ್ತರದ ಚೀಲ ಹೊಲಿದರೆ ಟವೆಲ್ ಜೊತೆ ಒಂದು ಜೊತೆ ಬಟ್ಟೆಯೂ ಹೋಗುತ್ತದೆ. ಕತ್ತರಿಸುವ ಅಳತೆ 17 ಇಂಚು ಅಗಲ, 39 ಇಂಚು ಉದ್ದ. ಒಂದು ಮೀಟರ್ ಬಟ್ಟೆಯಲ್ಲಿ ಆಗಿಹೋಗುತ್ತದೆ. ಉದ್ದದ ತುಂಡನ್ನು ನಡುವೆ ಮಡಚಿ ಎರಡು ಪಕ್ಕ ಮಾತ್ರ ಹೊಲಿಯಿರಿ. ತಳದಲ್ಲಿ ಹೊಲಿಗೆ ಬರಲೇಬಾರದು. ಸೂಜಿ ಚುಚ್ಚಿದ ಪ್ರತಿ ತೂತಿನಿಂದಲೂ ನೀರು ಜಿನುಗುತ್ತದೆ, ನೀರು ಇಳಿದು ನಿಲ್ಲುವುದೇ ತಳದಲ್ಲಿ.

ಜೋಡಿಸುವುದು ಹೇಗೆ ಅಂದರೆ, ಪಕ್ಕದ ಹೊಲಿಗೆ ಹಾಕುವಾಗಲೇ ಎರಡು ಇಂಚಿನ ಸಣ್ಣ ಪಟ್ಟಿಗಳನ್ನು ಅದರೊಳಗೆ ಸಿಕ್ಕಿಸಿಬಿಡಿ. ತಳದ ಎರಡು ಮೂಲೆಗೆ ಒಂದೊಂದು, ನಡು ಎತ್ತರದಲ್ಲಿ ಎರಡು ಬದಿಗೆ ಒಂದೊಂದು. ಈ ನಾಲ್ಕು ಪಟ್ಟಿಗಳನ್ನೇ ಟವೆಲ್‌ಗೆ ಹೊಲಿಯಿರಿ. ಚೀಲದ ಬಾಯಿ ಟವೆಲ್‌ನ ತುದಿಯ ಕಡೆ, ತಳ ಟವೆಲ್‌ನ ನಡುವಿನ ಕಡೆ ಇರಲಿ. ಲೇಪದ ಮುಖ ಈಗ ಹೊರಗಿರಲಿ. ಮಡಚುವಾಗ ಟವೆಲ್‌ನ ಎರಡು ಪಕ್ಕ ಒಳಕ್ಕೆ ಮಡಚಿ, ಚೀಲದೊಳಗೆ ಕೈ ಹಾಕಿ, ತಳದ ಮೂಲೆಗಳನ್ನು ಹಿಡಿದು ದಿಂಬಿನ ಕವರ್ ತಿರುವುವ ಹಾಗೆ ಹೊರಕ್ಕೆ ತಿರುವಿ. ಟವೆಲ್ ತಾನೇ ಒಳಗಾಗುತ್ತದೆ, ಉಳಿದ ಉದ್ದವನ್ನು ಮಡಚಿ ತುಂಬಿದರೆ ಆಯಿತು. ಈಗ ಲೇಪ ಒಳಗೆ ಬಂತು, ಹೊರಗೆ ಎರಡೂ ಕಡೆ ಒಣ ಮುಖ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಹೊರಮುಖಕ್ಕೆ ಜಿಪ್ ಇರುವ ಚಪ್ಪಟೆ ಜೇಬು ಹಾಕಿ ಅದರಲ್ಲಿ ಫೋನು, ದುಡ್ಡು, ಕೀ ಇಡಿ. ಟವೆಲ್ ಹಾಸಿದಾಗ ಆ ಜೇಬು ಚೀಲದ ಒಳಗೆ, ನಿಮ್ಮ ತಲೆಯ ಕೆಳಗೆ ಇರುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ. ಒಣ ಬಟ್ಟೆಯನ್ನು ಚೀಲಕ್ಕೆ ತುಂಬಿಟ್ಟರೆ ತಲೆದಿಂಬೂ ಆಯಿತು. ಈ ಜೇಬಿನ ತಳದ ಹೊಲಿಗೆ ಚೀಲದ ತಳದಿಂದ ಮೂರು ಇಂಚಾದರೂ ಮೇಲಿರಲಿ.

ಬಾಯಿಗೆ ಏನು ಹಾಕೋದು? ವೆಲ್ಕ್ರೋ ಖಂಡಿತ ಬೇಡ. ನಾನು ಹಿಂದೆ ಮಗಳ ಈಜಿನ ಟವೆಲ್‌ಗೆ ವೆಲ್ಕ್ರೋ ಹಾಕಿ, ಎರಡೇ ಒಗೆತದಲ್ಲಿ ಅದರ ಕೊಕ್ಕೆಗಳು ಟವೆಲ್‌ನ ಕುಣಿಕೆಗಳನ್ನೆಲ್ಲ ಎಳೆದು ಹಾಕಿದ್ದನ್ನು ನೋಡಿದ್ದೇನೆ. ನೈಲಾನ್ ಜಿಪ್ಪಿನ ಸಣ್ಣ ಹಲ್ಲುಗಳಲ್ಲಿ ಮರಳು ಕೂತರೆ ರನ್ನರ್ ಸಿಕ್ಕಿಕೊಳ್ಳುತ್ತದೆ. ಕಬ್ಬಿಣದ ರನ್ನರ್ ಆದರೆ ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ. ಬಾಯಿಗೆ ಲಾಡಿಯೇ ಒಳ್ಳೆಯದು, ಮರಳು ಏನೂ ಮಾಡುವುದಿಲ್ಲ. ಫೋನಿನ ಜೇಬಿಗೆ ಮಾತ್ರ ಹಲ್ಲು ದಪ್ಪಗಿರುವ 5 ನಂಬರ್ ಪ್ಲಾಸ್ಟಿಕ್ ಜಿಪ್, ರನ್ನರ್ ಕೂಡ ಪ್ಲಾಸ್ಟಿಕ್ಕಿನದೇ. ಹೆಗಲಿಗೆ ಒಂದೂವರೆ ಇಂಚಿನ ನವಾರ್ ಪಟ್ಟಿ, ತುದಿಗಳಲ್ಲಿ ಚೌಕ ಹೊಲಿದು ನಡುವೆ ಇಂಟು ಗುರುತು.

ಚಳ್ಳಕೆರೆ ಕಡೆ ಕುರಿ ಕಾಯುವವರ ಕಂಬಳಿ ನೋಡಿರುತ್ತೀರಿ. ಮಳೆ ಬಂದರೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಹೊದಿಕೆ, ಆಗ ತಾನೇ ಹುಟ್ಟಿದ ಮರಿಯನ್ನು ಎತ್ತಿಕೊಳ್ಳೋಕೆ ಜೋಳಿಗೆ. ಒಂದು ಗುಂಡಿ ಇಲ್ಲ, ಒಂದು ಜಿಪ್ಪಿಲ್ಲ. ನಿಮ್ಮ ಚೀಲಕ್ಕೆ ಏನನ್ನಾದರೂ ಸೇರಿಸೋಣ ಅನ್ನಿಸಿದಾಗೆಲ್ಲ ಆ ಕಂಬಳಿ ನೆನಪಿಸಿಕೊಳ್ಳಿ.

ಹೊಲಿಗೆಗೆ 16 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, ಟಾಕು ಮೂರು ಮಿಲಿಮೀಟರ್‌ಗಿಂತ ಚಿಕ್ಕದು ಬೇಡ. ಲೇಪದ ಬಟ್ಟೆಗೆ ಗುಂಡುಸೂಜಿ ಚುಚ್ಚಬೇಡಿ, ತೂತು ಹಾಗೇ ಉಳಿಯುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಹಿಡಿದುಕೊಳ್ಳಿ. ಮಷಿನ್ ಪಾದಕ್ಕೆ ಬಟ್ಟೆ ಅಂಟಿಕೊಂಡರೆ ಮೇಲೊಂದು ಬಟರ್ ಪೇಪರ್ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ.

ಐದು ಹೊಲಿಯಿರಿ, ಗಡಿಯಾರ ನೋಡಿಕೊಂಡು. ನಿಮ್ಮ ಸಮಯಕ್ಕೆ ಬೆಲೆ ಹಾಕದೆ ದರ ಹೇಳಬೇಡಿ. ನಮ್ಮ ಕಡೆ ಹೊಲಿಯುವ ಹೆಣ್ಣುಮಕ್ಕಳು ಬಟ್ಟೆ, ದಾರದ ಲೆಕ್ಕ ಸರಿಯಾಗಿ ಇಡುತ್ತಾರೆ, ತಮ್ಮ ಕೂಲಿಯನ್ನು ಮಾತ್ರ ಬಿಟ್ಟುಬಿಡುತ್ತಾರೆ. ನನಗೆ ಇದು ಬಹಳ ನೋವಿನ ವಿಚಾರ.

ಪ್ರಶ್ನೆ: ದುಂಡಗಿನ ಟವೆಲ್, ಅಂಚಿಗೆಲ್ಲ ಲಾಡಿ, ಎಳೆದರೆ ಗಂಟಿನ ಹಾಗೆ ಚೀಲ. ಇದು ಇನ್ನೂ ಸುಲಭ ಅಲ್ವಾ? ಕಾಲೇಜು ಪ್ರಾಜೆಕ್ಟಿಗೆ ಮಾಡಬೇಕು ಅಂತಿದ್ದೇನೆ. ಪೇಟೆಂಟ್ ಸಿಗುತ್ತದಾ ಮೇಡಂ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಹೊಲಿಯೋಕೆ ಸುಲಭವೇ. ಆದರೆ ಚೌಕದಿಂದ ವೃತ್ತ ಕತ್ತರಿಸಿದರೆ ನೂರಕ್ಕೆ 21 ಭಾಗಕ್ಕೂ ಜಾಸ್ತಿ ಬಟ್ಟೆ ಮೂಲೆಗಳಲ್ಲಿ ಹಾಳಾಗುತ್ತದೆ. ಲಾಡಿ ಎಳೆದಾಗ ಟವೆಲ್ ಮೇಲಿನ ಮರಳೂ ಸಾಮಾನಿನ ಜೊತೆ ಒಳಗೇ ಬರುತ್ತದೆ. ಒದ್ದೆ, ಒಣ ಬೇರೆ ಮಾಡುವ ದಾರಿಯೂ ಇಲ್ಲ. ಚಿಕ್ಕ ಮಕ್ಕಳ ಆಟದ ಸಾಮಾನಿಗೆ ಒಳ್ಳೆಯದು, ಅದಕ್ಕೇ ಮಾಡಿ.

ಟವೆಲ್ ಚೀಲವಾಗುವ ಯೋಚನೆ ಹೊಸದಲ್ಲ, ಮಾರುಕಟ್ಟೆಯಲ್ಲಿ ಆಗಲೇ ಇದೆ. ಪೇಟೆಂಟ್ ಸಿಗಬೇಕಾದರೆ ಹಿಂದೆ ಎಲ್ಲೂ ಇಲ್ಲದ ಉಪಾಯ ಇರಬೇಕು. ನಿಮಗೆ ಹೊಂದುವುದು 2000ದ ವಿನ್ಯಾಸ ಕಾಯ್ದೆ. ಅದು ವಸ್ತುವಿನ ನೋಟಕ್ಕೆ, ಆಕಾರ, ಚಿತ್ತಾರಕ್ಕೆ ರಕ್ಷಣೆ ಕೊಡುತ್ತದೆ. ಅದು ಕೆಲಸ ಮಾಡುವ ಬಗೆಗೆ ಅಲ್ಲ. ಮೊದಲು 10 ವರ್ಷ, ಆಮೇಲೆ ಇನ್ನೂ 5 ವರ್ಷ ಮುಂದುವರಿಸಬಹುದು. ಆದರೆ ಅರ್ಜಿ ಹಾಕುವ ಮೊದಲೇ ಬಹಿರಂಗವಾದ ವಿನ್ಯಾಸಕ್ಕೆ ನೋಂದಣಿ ಸಿಗುವುದಿಲ್ಲ. ಅಲ್ಲಿಯವರೆಗೆ ಫೋಟೋ ಹಂಚಬೇಡಿ, ಸ್ಟೇಟಸ್‌ಗೂ ಹಾಕಬೇಡಿ.

ಪ್ರಶ್ನೆ: ನಮ್ಮೂರಿಗೂ ಸಮುದ್ರಕ್ಕೂ ಎಷ್ಟು ದೂರ! ಇಲ್ಲಿ ಇಂಥ ಟವೆಲ್ ಯಾರು ಕೊಳ್ಳುತ್ತಾರೆ?
– ಸ್ವಸಹಾಯ ಸಂಘದ ಸದಸ್ಯೆ, ಹರಿಹರ

ಉತ್ತರ: ನಿಮ್ಮೂರಲ್ಲೇ ತುಂಗಭದ್ರೆ ಹರಿಯುತ್ತಿದೆಯಲ್ಲಾ. ಹೊಳೆ ಸ್ನಾನ ಮಾಡಿ ಹರಿಹರೇಶ್ವರನ ದರ್ಶನಕ್ಕೆ ಹೋಗುವವರ ಕೈಯಲ್ಲಿ ಏನಿರುತ್ತದೆ ನೋಡಿ. ಧರ್ಮಸ್ಥಳಕ್ಕೆ ಹೋದವರು ನೇತ್ರಾವತಿಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆ ಕವರಿಗೆ ತುರುಕಿ ಸಾಲಿನಲ್ಲಿ ನಿಲ್ಲುತ್ತಾರೆ. ಇವರಿಗೇ ಮೊದಲು ಮಾಡಿ. ಬೀಚ್ ಟವೆಲ್ ಅನ್ನುವ ಹೆಸರನ್ನು ಬಿಟ್ಟು "ಯಾತ್ರೆ ಟವೆಲ್" ಅನ್ನಿ. ಆರು ಅಡಿ ಬೇಡ, ಐದು ಅಡಿ ಉದ್ದ, ಎರಡೂವರೆ ಅಡಿ ಅಗಲ ಸಾಕು. ಮಲಗೋಕಲ್ಲ, ಮೈ ಒರೆಸೋಕೆ ತಾನೇ. ಬಟ್ಟೆ ಬದಲಿಸುವಾಗ ಹೆಂಗಸರು ಸುತ್ತಿಕೊಳ್ಳುವಂತಿದ್ದರೆ ಇನ್ನೂ ಒಳ್ಳೆಯದು. ಮೇಲಿನ ಅಂಚಿಗೆ ಎರಡು ಪ್ಲಾಸ್ಟಿಕ್ ಪ್ರೆಸ್ ಬಟನ್ ಹಾಕಿದರೆ ಜಾರುವುದಿಲ್ಲ.

ಪ್ರಶ್ನೆ: ಬೀಚಿನಿಂದ ತಂದ ಟವೆಲ್ ಎಷ್ಟು ಒಣಗಿಸಿದರೂ ತಣ್ಣಗೇ ಇರುತ್ತದೆ, ವಾಸನೆ ಬೇರೆ. ಯಾಕೆ?
– ಓದುಗರು, ಹಿರಿಯೂರು

ಉತ್ತರ: ಅದರಲ್ಲಿ ಉಪ್ಪು ಉಳಿದಿದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಹಸಿಯಾಗುವ ಹಾಗೆ. ಮನೆಗೆ ಬಂದ ಕೂಡಲೇ ಸೋಪಿಲ್ಲದೆ ಸಿಹಿನೀರಲ್ಲಿ ಎರಡು ಸಲ ಜಾಲಿಸಿ, ಆಮೇಲೆ ಒಗೆಯಿರಿ. ಕಂಫರ್ಟ್ ಥರದ ಮೆದುಗೊಳಿಸುವ ದ್ರವ ಹಾಕಬೇಡಿ. ಅದು ಎಳೆಗಳ ಮೇಲೆ ಜಿಡ್ಡಿನ ಪದರದ ಹಾಗೆ ಕೂತು ಟವೆಲ್ ನೀರು ಹೀರುವುದನ್ನು ಕಡಿಮೆ ಮಾಡುತ್ತದೆ. ಚೀಲ ಸೇರಿರುವ ಟವೆಲ್ ಆದರೆ ಚೀಲವನ್ನು ತಿರುವಿ, ಲೇಪದ ಮುಖವನ್ನು ನೆರಳಲ್ಲಿ ಒಣಗಿಸಿ, ಇಸ್ತ್ರಿ ಮುಟ್ಟಿಸಬೇಡಿ.